ಮಗಳಿಗೆ ಕೆಮಿಸ್ಟ್ರಿಯೂ ಬೇಕು, ಅಂತರರಾಷ್ಟ್ರೀಯ ಅಧ್ಯಯನವೂ ಬೇಕು: ಕೋಲಾರದಿಂದ ದಾರಿ ಹೇಗೆ?

ಮುಳಬಾಗಿಲು ಅಮ್ಮ:

ಎಲ್ಲರಿಗೂ ನಮಸ್ಕಾರ. ಮಗಳು ಕೋಲಾರದಲ್ಲಿ ಎರಡನೇ ಪಿಯುಸಿ ಓದುತ್ತಿದ್ದಾಳೆ, ಪಿಸಿಎಂಬಿ. ಮಾರ್ಕ್ಸ್ ಚೆನ್ನಾಗಿ ಬರುತ್ತಿದೆ. ಇಂಜಿನಿಯರಿಂಗ್ ಬೇಡ, ಮೆಡಿಕಲ್ ಬೇಡ ಅಂತ ತೀರ್ಮಾನ ಮಾಡಿಕೊಂಡಿದ್ದಾಳೆ. ಕೆಮಿಸ್ಟ್ರಿ ಓದಬೇಕು, ಅದರ ಜತೆಗೇ ಅಂತರರಾಷ್ಟ್ರೀಯ ಅಧ್ಯಯನ ಓದಬೇಕು ಅನ್ನುವುದು ಅವಳ ಆಸೆ. ಆಸ್ಟ್ರೇಲಿಯಾದಲ್ಲಿ ಎರಡನ್ನೂ ಸೇರಿಸಿ ಒಟ್ಟಿಗೆ ಎರಡು ಪದವಿ ಕೊಡುತ್ತಾರಂತೆ. ಐದು ವರ್ಷ. ಅದರಲ್ಲಿ ಒಂದು ವರ್ಷ ಬೇರೆ ದೇಶಕ್ಕೆ ಹೋಗಿ ಅಲ್ಲಿನ ಭಾಷೆ ಕಲಿತು ಓದಬೇಕಂತೆ.

ನಮ್ಮದು ವ್ಯವಸಾಯ. ಟೊಮೆಟೊ, ಸ್ವಲ್ಪ ಹಿಪ್ಪುನೇರಳೆ. ಅವಳ ಅಪ್ಪ ಏನೂ ಮಾತಾಡುತ್ತಿಲ್ಲ, ದುಡ್ಡಿನ ಯೋಚನೆ ಅವರಿಗೆ. ಅವಳ ಆಸೆಗೆ ನಾನು ಅಡ್ಡ ಬರಲಾರೆ. ಆದರೆ ಗೊತ್ತಿಲ್ಲದ ದಾರಿಗೆ ಕಣ್ಣು ಮುಚ್ಚಿಕೊಂಡು ಕಳಿಸಲೂ ಮನಸ್ಸು ಬರುತ್ತಿಲ್ಲ. ಈ ಎರಡು ಓದು ಒಂದಕ್ಕೊಂದು ಹೊಂದುತ್ತವಾ? ಆಮೇಲೆ ಏನು ಕೆಲಸ ಸಿಗುತ್ತದೆ? ಇಲ್ಲೇ ಇದ್ದು ಓದಲು ಆಗುತ್ತದಾ? ತಿಳಿದವರು ದಯವಿಟ್ಟು ಹೇಳಿ.

ಮಾಲೂರು ಪ್ಯಾಸೆಂಜರ್:

ಅಕ್ಕ, ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನಾನು ಬೆಂಗಳೂರಿನ ಕಂಪನಿಯೊಂದರಲ್ಲಿ ಕೆಲಸಕ್ಕೆ ಜನ ತೆಗೆದುಕೊಳ್ಳುವ ವಿಭಾಗದಲ್ಲಿದ್ದೇನೆ. ನಾವು ನೋಡುವುದು ಒಂದು ವಿಷಯದಲ್ಲಿ ಎಷ್ಟು ಆಳ ಇದೆ ಅನ್ನುವುದನ್ನು. ಲ್ಯಾಬಿಗೆ ಹೋದರೆ ಎಂ.ಎಸ್ಸಿ. ಕೇಳುತ್ತಾರೆ. ವಿದೇಶಾಂಗ ವ್ಯವಹಾರದ ಕಡೆ ಹೋದರೆ ಎಂ.ಎ. ಕೇಳುತ್ತಾರೆ. ಡಿಗ್ರಿ ಹಂತದಲ್ಲೇ ಎರಡು ದೋಣಿಯಲ್ಲಿ ಕಾಲಿಟ್ಟರೆ ಕೆಮಿಸ್ಟ್ರಿಯೂ ಅರ್ಧ, ಅದೂ ಅರ್ಧ.

ಐಎಫ್‌ಎಸ್ (ವಿದೇಶಾಂಗ ಸೇವೆ) ಕನಸು ಇದ್ದರೆ ಅದಕ್ಕೆ ಯಾವ ಪದವಿಯಾದರೂ ಸಾಕು. ಬರೀ ಕೆಮಿಸ್ಟ್ರಿ ಬಿ.ಎಸ್ಸಿ. ಮಾಡಿದವರೂ ಯುಪಿಎಸ್‌ಸಿ ಬರೆಯಬಹುದು, ಐಚ್ಛಿಕ ವಿಷಯವಾಗಿ ರಾಜ್ಯಶಾಸ್ತ್ರ ಮತ್ತು ಅಂತರರಾಷ್ಟ್ರೀಯ ಸಂಬಂಧ ತೆಗೆದುಕೊಳ್ಳಬಹುದು. ದೆಹಲಿಯ ಜೆಎನ್‌ಯುನಲ್ಲಿ ಅಂತರರಾಷ್ಟ್ರೀಯ ಅಧ್ಯಯನಕ್ಕೇ ಒಂದು ದೊಡ್ಡ ಶಾಲೆ ಇದೆ. 1955ರಲ್ಲಿ ಬೇರೆ ಸಂಸ್ಥೆಯಾಗಿ ಶುರುವಾಗಿ 1970ರಲ್ಲಿ ಜೆಎನ್‌ಯುಗೆ ಸೇರಿತು. ವಿಜ್ಞಾನ ಓದಿದವರೂ ಅಲ್ಲಿ ಎಂ.ಎ.ಗೆ ಸೇರಬಹುದು, ಸಿಯುಇಟಿ ಪಿಜಿ ಅನ್ನುವ ಪ್ರವೇಶ ಪರೀಕ್ಷೆ ಬರೆದರೆ ಆಯಿತು. ಹಾಗಿರುವಾಗ ಐದು ವರ್ಷ ಆಸ್ಟ್ರೇಲಿಯಾಗೆ ದುಡ್ಡು ಸುರಿಯುವುದು ಯಾಕೆ?

ಬೇತಮಂಗಲದ ಮೇಷ್ಟ್ರು:

ನಾನು ಫಿಸಿಕ್ಸ್ ಪಾಠ ಮಾಡಿ ನಿವೃತ್ತನಾದವನು. ಮಾಲೂರಿನವರು ಆಳದ ಬಗ್ಗೆ ಹೇಳಿದ್ದು ಸರಿ. ಆದರೆ ಎರಡು ವಿಷಯ ಒಂದಕ್ಕೊಂದು ಸಂಬಂಧ ಇಲ್ಲದವು ಅನ್ನುವ ಧಾಟಿ ನನಗೆ ಒಪ್ಪಿಗೆ ಇಲ್ಲ. ನಮ್ಮ ಜಿಲ್ಲೆಯವರು ಹಾಗೆ ಹೇಳಲೇಬಾರದು.

ಕೆಜಿಎಫ್ ಅಂದರೆ ಎಲ್ಲರಿಗೂ ಚಿನ್ನ ನೆನಪಾಗುತ್ತದೆ. ಚಾಂಪಿಯನ್ ರೀಫ್ ಗಣಿಯೊಳಗೆ, ನೆಲದಿಂದ ಎರಡು ಕಿಲೋಮೀಟರ್‌ಗಿಂತ ಆಳದಲ್ಲಿ, 1965ರಲ್ಲಿ ಇನ್ನೊಂದು ಕೆಲಸ ನಡೆಯಿತು. ಬಾಹ್ಯಾಕಾಶದಿಂದ ಬರುವ ಕಾಸ್ಮಿಕ್ ಕಿರಣಗಳು ಗಾಳಿಗೆ ಬಡಿದಾಗ ಹುಟ್ಟುವ ನ್ಯೂಟ್ರಿನೊ ಅನ್ನುವ ಅತಿ ಸೂಕ್ಷ್ಮ ಕಣಗಳ ಗುರುತು ಪ್ರಪಂಚದಲ್ಲೇ ಮೊದಲ ಸಲ ಸಿಕ್ಕಿದ್ದು ಅಲ್ಲಿ, ಮತ್ತು ಅದೇ ವರ್ಷ ದಕ್ಷಿಣ ಆಫ್ರಿಕಾದ ಒಂದು ಚಿನ್ನದ ಗಣಿಯಲ್ಲಿ. ಅಷ್ಟು ಆಳ ಯಾಕೆ ಅಂದರೆ, ಮೇಲಿನಿಂದ ಬರುವ ಬೇರೆ ಕಣಗಳನ್ನೆಲ್ಲ ಬಂಡೆ ತಡೆದುಬಿಡುತ್ತದೆ. ನ್ಯೂಟ್ರಿನೊ ಮಾತ್ರ ದಾಟಿ ಬರುತ್ತದೆ.

ಆ ಪ್ರಯೋಗ ಮಾಡಿದವರು ಯಾರು? ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ ಸಿಟಿ ವಿಶ್ವವಿದ್ಯಾಲಯ, ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯ. ಮೂರು ದೇಶ. ಎಂ.ಜಿ.ಕೆ. ಮೆನನ್, ಬಿ.ವಿ. ಶ್ರೀಕಂಠನ್, ಮಿಯಾಕೆ, ವುಲ್ಫೆಂಡೇಲ್ ಇವರೆಲ್ಲ ಅದರಲ್ಲಿದ್ದರು. ವುಲ್ಫೆಂಡೇಲ್ ಮುಂದೆ ಬ್ರಿಟನ್ನಿನ ರಾಜ ಖಗೋಳಶಾಸ್ತ್ರಜ್ಞ ಆದರು. ಎರಡನೇ ಮಹಾಯುದ್ಧದಲ್ಲಿ ಎದುರುಬದುರಾಗಿದ್ದ ಬ್ರಿಟನ್ ಮತ್ತು ಜಪಾನಿನವರು, ಯುದ್ಧ ಮುಗಿದು ಇಪ್ಪತ್ತೇ ವರ್ಷಕ್ಕೆ ನಮ್ಮ ಗಣಿಯಲ್ಲಿ ಒಟ್ಟಿಗೆ ಕೆಲಸ ಮಾಡಿದರು. ಯಂತ್ರ ಯಾವ ದೇಶದಿಂದ ಬರಬೇಕು, ಖರ್ಚು ಯಾರದು, ಪ್ರಬಂಧದಲ್ಲಿ ಹೆಸರು ಯಾರ್ಯಾರದು, ಇವೆಲ್ಲ ದೇಶ ದೇಶಗಳ ನಡುವಿನ ಮಾತುಕತೆಯೇ. ಅದನ್ನು ನಡೆಸಲು ಫಿಸಿಕ್ಸ್ ಗೊತ್ತಿರುವವರೇ ಬೇಕು.

ಗಣಿ 2001ರಲ್ಲಿ ಮುಚ್ಚಿತು. ಇಲ್ಲಿನ ಮಕ್ಕಳಿಗೆ ಈ ಕಥೆ ಗೊತ್ತೇ ಇಲ್ಲ ಅನ್ನುವುದು ನನ್ನ ದೊಡ್ಡ ಕೊರಗು. ಅಮ್ಮಾ, ನಿಮ್ಮ ಮಗಳು ಕೇಳುತ್ತಿರುವುದು ವಿಚಿತ್ರವಾದದ್ದೇನಲ್ಲ. ಅವಳು ಹುಟ್ಟಿದ ಜಿಲ್ಲೆಯಲ್ಲೇ ಅದು ನಡೆದಿದೆ.

ಗೌರಿಬಿದನೂರು ಸಂಶೋಧಕಿ:

ಮೇಷ್ಟ್ರೇ, ನಮ್ಮ ಊರಿನದನ್ನೂ ಸೇರಿಸುತ್ತೇನೆ. ಅದೇ 1965ರಲ್ಲಿ ಗೌರಿಬಿದನೂರಿನಲ್ಲಿ ಬ್ರಿಟನ್ನಿನ ಸಹಕಾರದಿಂದ ಭೂಕಂಪ ಅಳೆಯುವ ಉಪಕರಣಗಳ ಸಾಲು ಶುರುವಾಯಿತು. ಈಗ ಭಾಭಾ ಅಣು ಸಂಶೋಧನಾ ಕೇಂದ್ರ ನಡೆಸುತ್ತಿದೆ. ದೂರದ ದೇಶದಲ್ಲಿ ನೆಲದಡಿ ಅಣುಬಾಂಬ್ ಸಿಡಿಸಿದರೆ ಗೊತ್ತಾಗಬೇಕು ಅನ್ನುವುದು ಅದರ ಮುಖ್ಯ ಉದ್ದೇಶ. ಅಲೆಯ ಆಕಾರ ನೋಡಿ ಇದು ಭೂಕಂಪವಾ, ಸ್ಫೋಟವಾ ಅಂತ ಹೇಳುವುದು ವಿಜ್ಞಾನ. 1996ರ ಅಣು ಪರೀಕ್ಷಾ ನಿಷೇಧ ಒಪ್ಪಂದಕ್ಕೆ ಭಾರತ ಯಾಕೆ ಸಹಿ ಹಾಕಲಿಲ್ಲ ಅನ್ನುವುದು ಅಂತರರಾಷ್ಟ್ರೀಯ ಅಧ್ಯಯನ. ಮೊದಲನೆಯದು ಗೊತ್ತಿಲ್ಲದೆ ಎರಡನೆಯದರ ಬಗ್ಗೆ ಮಾತಾಡುವವರು ಬಹಳ ಜನ ಇದ್ದಾರೆ. ಕೊರತೆ ಇರುವುದು ಎರಡೂ ಗೊತ್ತಿರುವವರದು.

ಹುಡುಗಿ ಕೆಮಿಸ್ಟ್ರಿ ಅಂದಿದ್ದಾಳಲ್ಲ, ಅವಳ ವಿಷಯಕ್ಕೇ ಬರುತ್ತೇನೆ. ರಾಸಾಯನಿಕ ಅಸ್ತ್ರ ನಿಷೇಧ ಸಂಸ್ಥೆ ಅಂತ ನೆದರ್ಲೆಂಡ್ಸಿನ ಹೇಗ್‌ನಲ್ಲಿ ಇದೆ. 2013ರಲ್ಲಿ ಅದಕ್ಕೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಅದರ ತಪಾಸಣಾ ತಂಡಗಳಿಗೆ ಕೆಮಿಸ್ಟ್ರಿ ಓದಿದವರು ಬೇಕೇ ಬೇಕು. ಯಾವ ದೇಶದ ಕಾರ್ಖಾನೆಯಲ್ಲಿ ಏನು ತಯಾರಾಗುತ್ತಿದೆ ಅಂತ ಹೋಗಿ ನೋಡುವ ಕೆಲಸ. ಮಾದರಿ ಪರೀಕ್ಷೆಗೆ ಅವರು ಒಪ್ಪಿಕೊಂಡ ಲ್ಯಾಬುಗಳಲ್ಲಿ ನಮ್ಮ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಗ್ವಾಲಿಯರ್ ಲ್ಯಾಬೂ ಒಂದು. ಓಜೋನ್ ಪದರದ ವಿಷಯವೂ ಹೀಗೆಯೇ. 1974ರಲ್ಲಿ ಮೊಲಿನಾ ಮತ್ತು ರೋಲಂಡ್ ಅನ್ನುವ ಕೆಮಿಸ್ಟ್ರಿ ವಿಜ್ಞಾನಿಗಳು ಫ್ರಿಜ್ಜಿನ ಅನಿಲದಿಂದ ಅಪಾಯ ಇದೆ ಅಂದರು. 1987ರಲ್ಲಿ ಮಾಂಟ್ರಿಯಲ್ ಒಪ್ಪಂದ ಆಯಿತು. ಆ ಹದಿಮೂರು ವರ್ಷದಲ್ಲಿ ಲ್ಯಾಬಿನ ಮಾತನ್ನು ಸರ್ಕಾರಗಳಿಗೆ ಅರ್ಥ ಆಗುವ ಹಾಗೆ ಹೇಳಿದವರು ಇಲ್ಲದಿದ್ದರೆ ಒಪ್ಪಂದ ಆಗುತ್ತಿರಲಿಲ್ಲ.

ಆದರೆ ಕೆಲಸದ ಬಗ್ಗೆ ಸುಳ್ಳು ಆಸೆ ತೋರಿಸಲಾರೆ. ಇಂಥ ಹುದ್ದೆಗಳು ಕಡಿಮೆ. ಎಲ್ಲದಕ್ಕೂ ಎಂ.ಎಸ್ಸಿ. ಅಥವಾ ಪಿಎಚ್.ಡಿ. ಕೇಳುತ್ತಾರೆ, ಅನುಭವ ಕೇಳುತ್ತಾರೆ. ಡಬಲ್ ಡಿಗ್ರಿ ಮುಗಿಸಿದ ತಕ್ಷಣ ಹೇಗ್‌ನಿಂದ ಯಾರೂ ಕರೆಯುವುದಿಲ್ಲ.

ಶ್ರೀನಿವಾಸಪುರ ತೋಟ:

ದೊಡ್ಡ ದೊಡ್ಡ ಸಂಸ್ಥೆ ಬಿಡಿ, ನಮ್ಮ ಮಾವಿನ ಹಣ್ಣಿನ ಕಥೆ ಹೇಳುತ್ತೇನೆ. ನಮ್ಮ ತಾಲೂಕಿನಲ್ಲಿ ಮಾವು ಬಿಟ್ಟರೆ ಬೇರೆ ಜೀವನ ಇಲ್ಲ ಅಂದರೂ ತಪ್ಪಿಲ್ಲ.

ಅಮೆರಿಕ ನಮ್ಮ ಮಾವನ್ನು ವರ್ಷಗಟ್ಟಲೆ ಒಳಗೆ ಬಿಟ್ಟಿರಲಿಲ್ಲ. ಹಣ್ಣಿನ ಜತೆ ಹುಳು ಬರುತ್ತದೆ ಅನ್ನುವ ಭಯ. 2007ರಲ್ಲಿ ಬಿಟ್ಟರು. ಷರತ್ತು ಏನು ಗೊತ್ತಾ? ಹಣ್ಣಿಗೆ ಕನಿಷ್ಠ 400 ಗ್ರೇ (ವಿಕಿರಣ ಅಳೆಯುವ ಮಾನ) ವಿಕಿರಣ ಕೊಡಬೇಕು, ಅದೂ ಅವರ ಇನ್‌ಸ್ಪೆಕ್ಟರ್ ನಮ್ಮ ದೇಶಕ್ಕೆ ಬಂದು ನಿಂತಿರುವಾಗ. ಹಾಗೆ ವಿಕಿರಣ ಕೊಡುವ ಕೇಂದ್ರ ನಮ್ಮ ಮಾಲೂರಿನಲ್ಲೇ ಇದೆ. ಕೊರೊನಾ ಬಂದಾಗ ಇನ್‌ಸ್ಪೆಕ್ಟರುಗಳು ವಿಮಾನ ಹತ್ತಲಿಲ್ಲ. ಎರಡು ಸೀಸನ್ ಅಮೆರಿಕಕ್ಕೆ ಹಣ್ಣು ಹೋಗಲಿಲ್ಲ. 2022ರಲ್ಲಿ ಮತ್ತೆ ಶುರುವಾಯಿತು. 2025ರ ಮೇ ತಿಂಗಳಲ್ಲಿ ಮುಂಬೈ ಕಡೆಯಿಂದ ಹೋದ ಮಾವನ್ನು ಅಮೆರಿಕದ ವಿಮಾನ ನಿಲ್ದಾಣಗಳಲ್ಲೇ ತಡೆದರು. ಹಣ್ಣು ಕೆಟ್ಟಿರಲಿಲ್ಲ. ವಿಕಿರಣದ ಕಾಗದಪತ್ರ ಸರಿ ಇಲ್ಲ ಅಂತ ತಡೆದದ್ದು.

ಯುರೋಪಿನದು ಇನ್ನೊಂದು. 2014ರ ಮೇ 1ರಿಂದ ನಮ್ಮ ದೇಶದ ಮಾವು, ಬದನೆ, ಹಾಗಲ, ಪಡವಲ, ಕೆಸವು ಎಲ್ಲವನ್ನೂ ನಿಲ್ಲಿಸಿದರು. ಹಣ್ಣುನೊಣ ಸಿಕ್ಕಿತು ಅನ್ನುವ ಕಾರಣ. ಮಾವಿನ ಮೇಲಿನದನ್ನು ಮುಂದಿನ ವರ್ಷ ತೆಗೆದರು. ಬಿಸಿನೀರಿನಲ್ಲಿ ಅದ್ದುವುದು, ಪ್ಯಾಕ್‌ಹೌಸ್ ತಪಾಸಣೆ ಇವೆಲ್ಲ ಬಿಗಿಯಾಗಿದ್ದು ಅದರ ನಂತರ.

ನನ್ನ ಮಾತು ಇಷ್ಟೇ. ನೊಣದ ಜೀವನಚಕ್ರ ಗೊತ್ತಿರಬೇಕು, ವಿಕಿರಣದ ಲೆಕ್ಕ ಗೊತ್ತಿರಬೇಕು, ವಿಶ್ವ ವ್ಯಾಪಾರ ಸಂಸ್ಥೆಯ ಸಸ್ಯ ಆರೋಗ್ಯದ ಒಪ್ಪಂದ ಗೊತ್ತಿರಬೇಕು, ಅವರ ಭಾಷೆಯಲ್ಲಿ ಕೂತು ವಾದ ಮಾಡಬೇಕು. ಅಂಥ ಒಬ್ಬರು ಜಿಲ್ಲೆಗೆ ಇದ್ದಿದ್ದರೆ ನಮಗೆ ಎಷ್ಟು ಅನುಕೂಲ ಆಗುತ್ತಿತ್ತು ಅಂತ ಪ್ರತಿ ಸೀಸನ್ನಿನಲ್ಲೂ ಅನ್ನಿಸುತ್ತದೆ. ನಿಮ್ಮ ಮಗಳು ಓದಲಿ ತಾಯಿ.

ಮಾಲೂರು ಪ್ಯಾಸೆಂಜರ್:

ನಮ್ಮೂರಿನಲ್ಲೇ ಆ ಕೇಂದ್ರ ಇರುವುದು ನನಗೆ ಗೊತ್ತಿತ್ತು, ಒಳಗಿನ ಲೆಕ್ಕ ಗೊತ್ತಿರಲಿಲ್ಲ. ಒಳ್ಳೆಯ ಉದಾಹರಣೆ ಅಣ್ಣ. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಆ ಕೆಲಸಕ್ಕೆ ಒಬ್ಬರೇ ಎರಡು ಪದವಿ ಓದಿರಬೇಕಾ? ಕೃಷಿ ವಿಜ್ಞಾನಿ ಒಬ್ಬರು, ಕಾನೂನು ತಿಳಿದವರು ಒಬ್ಬರು ಕೂತರೆ ಸಾಲದಾ?

ಗೌರಿಬಿದನೂರು ಸಂಶೋಧಕಿ:

ಸಾಕು, ಅವರಿಬ್ಬರಿಗೂ ಒಬ್ಬರ ಮಾತು ಇನ್ನೊಬ್ಬರಿಗೆ ಅರ್ಥ ಆದರೆ. ಸಭೆಗಳಲ್ಲಿ ನಾನು ನೋಡಿರುವುದು ಬೇರೆ. ವಿಜ್ಞಾನಿ "ಅಪಾಯದ ಸಾಧ್ಯತೆ ಕಡಿಮೆ" ಅನ್ನುತ್ತಾರೆ. ಅಧಿಕಾರಿ "ಹಾಗಾದರೆ ಅಪಾಯ ಇಲ್ಲ ಅಂತ ಬರೆದುಕೊಡಿ" ಅನ್ನುತ್ತಾರೆ. ಬರೆದುಕೊಡಲು ವಿಜ್ಞಾನಿಗೆ ಆಗುವುದಿಲ್ಲ, ಯಾಕೆ ಆಗುವುದಿಲ್ಲ ಅಂತ ಅಧಿಕಾರಿಗೆ ತಿಳಿಯುವುದಿಲ್ಲ. ಫೈಲು ಅಲ್ಲೇ ನಿಲ್ಲುತ್ತದೆ. ಮಧ್ಯೆ ಕೂರುವವರು ಬೇಕು. ನಮ್ಮ ವಿದೇಶಾಂಗ ಸಚಿವಾಲಯವೇ 2020ರಲ್ಲಿ ಹೊಸ ತಂತ್ರಜ್ಞಾನಗಳಿಗಾಗಿ ಒಂದು ವಿಭಾಗ ತೆರೆಯಿತು. ವಾಷಿಂಗ್ಟನ್, ಬರ್ಲಿನ್, ಟೋಕಿಯೊ, ಮಾಸ್ಕೋದಂಥ ಕಡೆ ನಮ್ಮ ರಾಯಭಾರ ಕಚೇರಿಗಳಿಗೆ ವಿಜ್ಞಾನ ಕೌನ್ಸಿಲರ್‌ಗಳನ್ನು ಕಳಿಸುವ ಪದ್ಧತಿ ಅದಕ್ಕಿಂತ ಹಳೆಯದು.

ಚಿಂತಾಮಣಿಯವನು, ಈಗ ಸಿಡ್ನಿ:

ಅಕ್ಕ, ಇಲ್ಲಿನ ಪದ್ಧತಿ ಹೇಳುತ್ತೇನೆ. ಆಸ್ಟ್ರೇಲಿಯಾದಲ್ಲಿ ಡಬಲ್ ಡಿಗ್ರಿ ಬಹಳ ಸಾಮಾನ್ಯ. ಕಾನೂನಿನ ಜತೆ ವಿಜ್ಞಾನ, ಇಂಜಿನಿಯರಿಂಗ್ ಜತೆ ಕಾಮರ್ಸ್, ಹೀಗೆ. ನಿಮ್ಮ ಮಗಳು ಹೇಳುತ್ತಿರುವ ಮಾದರಿಗೆ ಸಿಡ್ನಿಯ ತಂತ್ರಜ್ಞಾನ ವಿಶ್ವವಿದ್ಯಾಲಯ ಹೆಸರಾಗಿತ್ತು. ವಿಜ್ಞಾನದ ಜತೆ ಅಂತರರಾಷ್ಟ್ರೀಯ ಅಧ್ಯಯನ, ಮೊದಲ ವರ್ಷಗಳಲ್ಲಿ ಒಂದು ಭಾಷೆ ಮತ್ತು ಆ ದೇಶದ ಸಮಾಜ, ಆಮೇಲೆ ಒಂದು ವರ್ಷ ಆ ದೇಶದ ವಿಶ್ವವಿದ್ಯಾಲಯದಲ್ಲಿ ಓದು, ಕೊನೆಗೆ ವಾಪಸ್ಸು ಬಂದು ವಿಜ್ಞಾನ ಮುಗಿಸುವುದು. ಸೇರುವ ಮೊದಲು ಆ ವರ್ಷದ ಕೈಪಿಡಿ ನೋಡಲೇಬೇಕು, ಕೋರ್ಸುಗಳನ್ನು ಬದಲಾಯಿಸುತ್ತಲೇ ಇರುತ್ತಾರೆ.

ಮೂರು ಮೂರು ವರ್ಷದ ಎರಡು ಪದವಿಗಳು ಆರು ವರ್ಷ ಆಗದೆ ಐದಕ್ಕೆ ಹೇಗೆ ಇಳಿಯುತ್ತವೆ? ಎರಡರಲ್ಲೂ ಇಷ್ಟ ಬಂದ ಪೇಪರ್ ತೆಗೆದುಕೊಳ್ಳುವ ಜಾಗ ಇರುತ್ತದೆ. ಅದನ್ನು ಕಿತ್ತುಹಾಕುತ್ತಾರೆ. ಕೆಮಿಸ್ಟ್ರಿಯ ಮುಖ್ಯ ಪೇಪರುಗಳು ಪೂರ್ತಿ ಇರುತ್ತವೆ, ಹೆಚ್ಚುವರಿ ಗಣಿತವೋ ಕಂಪ್ಯೂಟರೋ ಓದಲು ಜಾಗ ಉಳಿಯುವುದಿಲ್ಲ. ಹಾಗಾಗಿ "ಅರ್ಧ ಕೆಮಿಸ್ಟ್ರಿ" ಅನ್ನುವುದು ಸರಿಯಲ್ಲ. ಆದರೆ ಲ್ಯಾಬಿನಿಂದ ಒಂದು ವರ್ಷ ಪೂರ್ತಿ ದೂರ ಇರುವುದು ನಿಜ. ನನ್ನ ಜತೆ ಓದಿದ ಒಬ್ಬರು ಬಯೋಟೆಕ್ ಮಾಡುತ್ತಿದ್ದವರು, ಒಂದು ವರ್ಷ ಹೊರಗಿದ್ದು ಬಂದ ಮೇಲೆ ಪ್ರಾಕ್ಟಿಕಲ್‌ನಲ್ಲಿ ಬಹಳ ಒದ್ದಾಡಿದರು. ಇನ್ನೊಂದು ವಿಷಯ, ಇಲ್ಲಿ ಪಿಎಚ್.ಡಿ. ದಾರಿ ಹಿಡಿಯಬೇಕು ಅಂದರೆ ಸಾಮಾನ್ಯವಾಗಿ ಆನರ್ಸ್ ಅಂತ ಮತ್ತೊಂದು ವರ್ಷ ಸೇರಿಕೊಳ್ಳುತ್ತದೆ.

ಖರ್ಚು ಮನೆಯಲ್ಲಿ ಎಲ್ಲರೂ ಕೂತು ಲೆಕ್ಕ ಹಾಕಿ. ವೀಸಾ ಅರ್ಜಿಗೇ 2025ರ ಜುಲೈನಿಂದ 2,000 ಆಸ್ಟ್ರೇಲಿಯನ್ ಡಾಲರ್. ವೀಸಾ ಸಿಗದಿದ್ದರೆ ಅದು ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ. ಊಟ, ಬಾಡಿಗೆಗೆ ಅಂತ ಒಂದು ವರ್ಷಕ್ಕೆ 29,710 ಡಾಲರ್ ತೋರಿಸಬೇಕು ಅಂತ 2024ರಲ್ಲಿ ನಿಗದಿ ಮಾಡಿದರು. ಕಾಲೇಜಿನ ಫೀಸು ಅದರ ಮೇಲೆ ಬೇರೆ. ತರಗತಿ ನಡೆಯುವಾಗ ಹದಿನೈದು ದಿನಕ್ಕೆ 48 ಗಂಟೆ ಮಾತ್ರ ಕೆಲಸ ಮಾಡಬಹುದು. ಪಾರ್ಟ್ ಟೈಮ್ ದುಡಿಮೆಯಲ್ಲಿ ಫೀಸು ಕಟ್ಟುತ್ತೇನೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಮತ್ತೆ ಆ ಹೊರದೇಶದ ವರ್ಷಕ್ಕೆ ನಮ್ಮ ಪಾಸ್‌ಪೋರ್ಟಿಗೆ ಬೇರೆ ವೀಸಾ ಬೇಕು. ಆಸ್ಟ್ರೇಲಿಯಾದ ಮಕ್ಕಳಿಗಿಂತ ನಮಗೆ ಓಡಾಟ ಜಾಸ್ತಿ.

ಇಷ್ಟೆಲ್ಲ ಹೇಳಿದ ಮೇಲೂ, ಆ ಒಂದು ವರ್ಷದಿಂದ ಬದಲಾಗಿ ಬಂದ ಹುಡುಗ ಹುಡುಗಿಯರನ್ನು ನಾನು ನೋಡಿದ್ದೇನೆ. ಭಾಷೆ ಬಾಯಿಗೆ ಬಂದಿರುತ್ತದೆ, ಅಳುಕು ಹೋಗಿರುತ್ತದೆ. ಅದಕ್ಕೆ ಬೆಲೆ ಕಟ್ಟಲು ನನಗೆ ಬರುವುದಿಲ್ಲ.

ನಿವೃತ್ತ ಬ್ಯಾಂಕ್ ನೌಕರ, ಕೋಲಾರ:

ಸಾಲದ ವಿಚಾರ ಯಾರೂ ಎತ್ತಲಿಲ್ಲ. ಹೊರದೇಶದ ಓದು ಅಂದಾಗ ಮೊದಲು ಮಾತಾಡಬೇಕಾದ್ದು ಅದು.

ಬ್ಯಾಂಕುಗಳ ಮಾದರಿ ಯೋಜನೆ ಪ್ರಕಾರ 4 ಲಕ್ಷದವರೆಗೆ ನಮ್ಮ ಕೈಯಿಂದ ಏನೂ ಹಾಕಬೇಕಿಲ್ಲ. ಅದರ ಮೇಲೆ ಹೊರದೇಶದ ಓದಿಗೆ ಶೇಕಡಾ 15 ನಾವು ಹಾಕಬೇಕು, ದೇಶದೊಳಗಿನ ಓದಿಗೆ ಶೇಕಡಾ 5. 7.5 ಲಕ್ಷ ದಾಟಿದರೆ ಸಾಮಾನ್ಯವಾಗಿ ಆಸ್ತಿ ಅಡಮಾನ ಕೇಳುತ್ತಾರೆ. ಇಲ್ಲೇ ನಮ್ಮ ಜಿಲ್ಲೆಯ ರೈತರು ಸಿಕ್ಕಿಹಾಕಿಕೊಳ್ಳುವುದು. ಹೊಲ ಇದೆ, ಅದನ್ನು ಇಡುತ್ತೇವೆ ಅಂತ ಬರುತ್ತಾರೆ. ಕೋರ್ಟಿಗೆ ಹೋಗದೆ ಆಸ್ತಿ ವಶಕ್ಕೆ ತೆಗೆದುಕೊಳ್ಳುವ ಅಧಿಕಾರ ಬ್ಯಾಂಕಿಗೆ ಸಿಗುವುದು 2002ರ ಸರ್ಫೇಸಿ ಕಾಯ್ದೆಯಿಂದ. ಆ ಕಾಯ್ದೆ ಕೃಷಿ ಜಮೀನಿಗೆ ಅನ್ವಯ ಆಗುವುದಿಲ್ಲ. ಹಾಗಾಗಿ ಓದಿನ ಸಾಲಕ್ಕೆ ಹೊಲವನ್ನು ಒಪ್ಪಲು ಬ್ಯಾಂಕುಗಳು ಹಿಂದೇಟು ಹಾಕುತ್ತವೆ. ಮನೆ, ಸೈಟು, ಎಫ್‌ಡಿ ಕೇಳುತ್ತಾರೆ. ಹಳ್ಳಿಯ ಮನೆಯಾದರೆ ಇ-ಸ್ವತ್ತಿನಲ್ಲಿ (ಪಂಚಾಯಿತಿಯ ಆನ್‌ಲೈನ್ ಆಸ್ತಿ ದಾಖಲೆ) ನಮೂನೆ 9 ಮತ್ತು 11 ಆಗಿದೆಯಾ ಅಂತ ಈಗಲೇ ಪಂಚಾಯಿತಿಯಲ್ಲಿ ನೋಡಿಸಿ. ಸೀಟು ಬಂದ ಮೇಲೆ ಓಡಾಡಿದರೆ ಸಮಯ ಸಾಲುವುದಿಲ್ಲ.

ಓದು ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಾಗಿಲ್ಲ, ನಿಜ. ಆದರೆ ಬಡ್ಡಿ ಮೊದಲ ದಿನದಿಂದಲೇ ಬೆಳೆಯುತ್ತದೆ. ಐದು ವರ್ಷದ ಕೋರ್ಸಿಗೆ ಆರು ವರ್ಷದ ಬಡ್ಡಿ ಅಂತ ಲೆಕ್ಕ ಇಟ್ಟುಕೊಳ್ಳಿ. ಮೂರು ವರ್ಷದ ಡಿಗ್ರಿಗಿಂತ ಇದು ಎಷ್ಟು ಜಾಸ್ತಿ ಆಗುತ್ತದೆ ಅಂತ ಕಾಗದದ ಮೇಲೆ ಬರೆದು ನೋಡಿ. ಪರಿಶಿಷ್ಟ ಜಾತಿ, ಪಂಗಡದವರಾದರೆ ಸಮಾಜ ಕಲ್ಯಾಣ ಇಲಾಖೆಯ ಪ್ರಬುದ್ಧ ಯೋಜನೆ ಇದೆ, ಈ ಸಲದ ನಿಯಮ ಏನಿದೆ ಅಂತ ಇಲಾಖೆಯಲ್ಲೇ ವಿಚಾರಿಸಿ.

ಒಂದು ಎಚ್ಚರಿಕೆಯ ಮಾತು. ನಮ್ಮ ಸಂಬಂಧಿಕರ ಹುಡುಗನಿಗೆ ಒಬ್ಬ ಏಜೆಂಟು ಹೆಚ್ಚು ಕಮಿಷನ್ ಬರುವ ಕಾಲೇಜನ್ನೇ ತೋರಿಸಿ ಅಡ್ವಾನ್ಸ್ ಕಟ್ಟಿಸಿದ. ಹುಡುಗ ಕೇಳಿದ್ದ ಕೋರ್ಸೇ ಅಲ್ಲಿ ಇರಲಿಲ್ಲ. ದುಡ್ಡು ವಾಪಸ್ ಬರಲು ವರ್ಷ ಹಿಡಿಯಿತು. ವಿಶ್ವವಿದ್ಯಾಲಯಕ್ಕೆ ನೀವೇ ನೇರವಾಗಿ ಮೇಲ್ ಬರೆಯಿರಿ, ಉತ್ತರ ಕೊಡುತ್ತಾರೆ.

ಟೇಕಲ್ ಹುಡುಗ:

ಅಮ್ಮಾ, ನಾನು ಇಲ್ಲೇ ಇದ್ದು ಎರಡು ಪದವಿ ಓದುತ್ತಿದ್ದೇನೆ. ಕೋಲಾರದಲ್ಲಿ ಬಿ.ಎಸ್ಸಿ., ಜತೆಗೆ ದೂರಶಿಕ್ಷಣದಲ್ಲಿ ಬಿ.ಎ., ರಾಜ್ಯಶಾಸ್ತ್ರ ಇರುವ ಹಾಗೆ.

2022ರ ಏಪ್ರಿಲ್‌ನಲ್ಲಿ ಯುಜಿಸಿ ಇದಕ್ಕೆ ದಾರಿ ಬಿಟ್ಟಿತು. ಎರಡೂ ಕಾಲೇಜಿಗೆ ಹೋಗಿಯೇ ಓದಬಹುದು, ಆದರೆ ತರಗತಿಗಳು ಒಂದೇ ಹೊತ್ತಿಗೆ ಬರಬಾರದು. ಇಲ್ಲವಾದರೆ ಒಂದು ಕಾಲೇಜಿನಲ್ಲಿ, ಇನ್ನೊಂದು ದೂರಶಿಕ್ಷಣ ಅಥವಾ ಆನ್‌ಲೈನಿನಲ್ಲಿ. ಬಿ.ಎಸ್ಸಿ.ಗೆ ಪ್ರಾಕ್ಟಿಕಲ್ ಇರುತ್ತದೆ, ಸಂಜೆವರೆಗೂ ಕಾಲೇಜಿನಲ್ಲೇ ಇರಬೇಕು. ಅದಕ್ಕೆ ಎರಡನೇ ದಾರಿಯೇ ನಮಗೆ ಆಗುವುದು. ಇಗ್ನೋದಲ್ಲಿ ರಾಜ್ಯಶಾಸ್ತ್ರ ಆನರ್ಸ್ ಇದೆ. ಮೈಸೂರಿನ ಮುಕ್ತ ವಿಶ್ವವಿದ್ಯಾಲಯದಲ್ಲಿ ಕನ್ನಡದಲ್ಲೂ ಬರೆಯಬಹುದು.

ಕಷ್ಟ ಎಲ್ಲಿ ಅಂದರೆ ಪರೀಕ್ಷೆ. ಎರಡು ಕಡೆಯ ವೇಳಾಪಟ್ಟಿ ಒಂದೇ ವಾರದಲ್ಲಿ ಬಿದ್ದರೆ ಯಾರೂ ಹೊಂದಿಸಿಕೊಡುವುದಿಲ್ಲ. ದೂರಶಿಕ್ಷಣದ ಪೇಪರನ್ನು ಮುಂದಿನ ಸಲಕ್ಕೆ ಬಿಡಬೇಕಾಗುತ್ತದೆ. ಅಸೈನ್‌ಮೆಂಟ್ ಮೊದಲೇ ಬರೆದಿಟ್ಟುಕೊಂಡರೆ ಸ್ವಲ್ಪ ಉಸಿರಾಡಬಹುದು. ಕಾಲೇಜಿನಲ್ಲಿ ಈ ನಿಯಮ ಕೆಲವರಿಗೆ ಗೊತ್ತೇ ಇರುವುದಿಲ್ಲ. ಯುಜಿಸಿ ಆದೇಶದ ಪ್ರತಿ ಕೈಯಲ್ಲಿ ಇಟ್ಟುಕೊಂಡು ಹೋಗಿ, ಮರ್ಯಾದೆಯಿಂದ ಕೇಳಿ.

ಎರಡನೇ ಪದವಿ ಜಾಸ್ತಿ ಅನ್ನಿಸಿದರೆ ಕೇಂದ್ರ ಸರ್ಕಾರದ 'ಸ್ವಯಂ' ಪೋರ್ಟಲ್‌ನಲ್ಲಿ ಬೇರೆ ಬೇರೆ ವಿಷಯದ ಕೋರ್ಸುಗಳು ಸಿಗುತ್ತವೆ. ಕಲಿಯಲು ದುಡ್ಡು ಬೇಡ, ಸರ್ಟಿಫಿಕೇಟ್ ಪರೀಕ್ಷೆಗೆ ಮಾತ್ರ ಫೀಸು. ಮೊದಲು ಅದರಲ್ಲಿ ಒಂದು ಕೋರ್ಸ್ ಮುಗಿಸಿ ನೋಡಲಿ. ಆ ಓದು ನಿಜವಾಗಿ ಹಿಡಿಸುತ್ತದಾ ಅಂತ ಅವಳಿಗೇ ತಿಳಿಯುತ್ತದೆ.

ಶಿಡ್ಲಘಟ್ಟ ರೀಲರ್:

ನೀವು ಹಿಪ್ಪುನೇರಳೆ ಬೆಳೆಯುತ್ತೀರಿ ಅಂದಿರಿ, ಅದಕ್ಕೆ ಬರೆಯುತ್ತಿದ್ದೇನೆ. 1991ರಿಂದ ಜಪಾನಿನ ಜೈಕಾ ಸಂಸ್ಥೆಯ ತಜ್ಞರು ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆಯಲ್ಲಿ ನಮ್ಮವರ ಜತೆ ಕೆಲಸ ಮಾಡಿದರು. ನಮ್ಮ ಬಿಸಿಲಿಗೆ ತಾಳುವ ದ್ವಿತಳಿ (ಬೈವೋಲ್ಟಿನ್) ಹುಳು ಬಂದದ್ದು ಆ ಕೆಲಸದಿಂದ. ಈಗ ಬೈವೋಲ್ಟಿನ್ ಗೂಡು ಅಂತ ಮಾರ್ಕೆಟ್ಟಿನಲ್ಲಿ ಬೇರೆ ರೇಟು ಇದೆಯಲ್ಲ, ಅದರ ಹಿಂದೆ ಎರಡು ದೇಶದ ವಿಜ್ಞಾನಿಗಳು ಇದ್ದಾರೆ.

ಇನ್ನೊಂದು ಕಡೆಯೂ ನೋಡಿ. 2011ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇಕಡಾ 30ರಿಂದ 5ಕ್ಕೆ ಇಳಿಸಿದರು. ಚೀನಾ ನೂಲು ಬಂತು, ಗೂಡಿನ ರೇಟು ನೆಲ ಕಚ್ಚಿತು. ಹುಳು ಎಷ್ಟು ಚೆನ್ನಾಗಿದ್ದರೇನು? ದೆಹಲಿಯಲ್ಲಿ ಒಂದು ಸಂಖ್ಯೆ ಬದಲಾಯಿತು, ಇಲ್ಲಿ ಮನೆಗಳು ಸಾಲಕ್ಕೆ ಬಿದ್ದವು. ಎರಡೂ ತಿಳಿದ ಮಕ್ಕಳು ನಮ್ಮ ಕಡೆಯಿಂದ ಹೋಗಬೇಕು ಅಂತ ನಾನು ಮನಸಾರೆ ಹೇಳುತ್ತೇನೆ.

ಮುಳಬಾಗಿಲು ಮಗಳು:

ನಮಸ್ಕಾರ. ಅಮ್ಮನ ಫೋನಿನಲ್ಲಿ ಎಲ್ಲರದೂ ಓದಿದೆ. ನಾನೇ ಬರೆಯುತ್ತೇನೆ ಅಂದೆ.

ನನಗೆ ಈ ಯೋಚನೆ ಬಂದದ್ದು ನೀರಿನಿಂದ. ನಮ್ಮ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ. ನಮ್ಮ ಬೀದಿಯ ವಯಸ್ಸಾದವರ ಹಲ್ಲು, ಮಂಡಿ ನೋಡಿದರೆ ಗೊತ್ತಾಗುತ್ತದೆ. ಪ್ರಾಜೆಕ್ಟಿಗೆ ಅಂತ ಮಿತಿ ಎಷ್ಟು ಅಂತ ಹುಡುಕಿದೆ. ವಿಶ್ವ ಆರೋಗ್ಯ ಸಂಸ್ಥೆ ಲೀಟರಿಗೆ 1.5 ಮಿಲಿಗ್ರಾಂ ಅನ್ನುತ್ತದೆ. ನಮ್ಮ ದೇಶದ ಮಾನದಂಡದಲ್ಲಿ 1 ಇದ್ದರೆ ಒಳ್ಳೆಯದು, ಬೇರೆ ನೀರು ಇಲ್ಲದಿದ್ದರೆ 1.5ರವರೆಗೆ ಅಂತ ಇದೆ. ಅಮೆರಿಕದಲ್ಲಿ ಕಡ್ಡಾಯ ಮಿತಿ 4. ಫ್ಲೋರೈಡ್ ಒಂದೇ, ಮೂಳೆ ಒಂದೇ, ಸಂಖ್ಯೆ ಮಾತ್ರ ಯಾಕೆ ಬೇರೆ? ನಮ್ಮ ಸೆಕೆಯಲ್ಲಿ ಜನ ಜಾಸ್ತಿ ನೀರು ಕುಡಿಯುತ್ತಾರೆ, ಅದು ಆ ಲೆಕ್ಕದಲ್ಲಿ ಸೇರಿದೆಯಾ? ಈ ಸಂಖ್ಯೆ ಬರೆಯುವ ಕೋಣೆಯಲ್ಲಿ ಯಾರು ಕೂತಿರುತ್ತಾರೆ? ಇದನ್ನು ಕೆಮಿಸ್ಟ್ರಿ ಮೇಡಂ ಹತ್ತಿರ ಕೇಳಿದರೆ ಇದು ಸಿಲಬಸ್ಸಿನಲ್ಲಿ ಇಲ್ಲ ಅಂದರು. ಅವರ ತಪ್ಪಲ್ಲ. ಆದರೆ ನನಗೆ ಅದೇ ಬೇಕು.

ಕೆ.ಸಿ. ವ್ಯಾಲಿ ನೀರು ಕೆರೆಗೆ ಬಂದಾಗಲೂ ಹಾಗೇ ಆಯಿತು. ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧ ಮಾಡಿ ಬಿಟ್ಟರು. ಮೂರನೇ ಹಂತ ಬೇಕು ಅಂತ ಇಲ್ಲಿನವರು ಕೇಳುತ್ತಲೇ ಇದ್ದಾರೆ. ಬೇರೆ ದೇಶಗಳಲ್ಲಿ ಏನು ಮಾಡುತ್ತಾರೆ ಅಂತ ನನಗೆ ತಿಳಿಯಬೇಕು. ಸಿಂಗಪುರದಲ್ಲಿ ಬಳಸಿದ ನೀರನ್ನು ಕುಡಿಯುವಷ್ಟು ಶುದ್ಧ ಮಾಡುತ್ತಾರಂತೆ, 2003ರಿಂದ.

ಆಸ್ಟ್ರೇಲಿಯಾ ಅಂತ ಹಟ ಇಲ್ಲ. ಎರಡನ್ನೂ ಓದಬೇಕು ಅನ್ನುವುದು ಮಾತ್ರ ಹಟ.

ಬೇತಮಂಗಲದ ಮೇಷ್ಟ್ರು:

ಮಗೂ, ಈ ಪ್ರಶ್ನೆಯನ್ನು ಬಿಡಬೇಡ. ಕೋರ್ಸಿನ ಹೆಸರಿಗಿಂತ ಇದು ದೊಡ್ಡದು.

ನನ್ನ ಅಭಿಪ್ರಾಯ ಹೇಳುತ್ತೇನೆ. ಮೊದಲು ಕೆಮಿಸ್ಟ್ರಿ ಗಟ್ಟಿ ಮಾಡಿಕೋ. ಫ್ಲೋರೈಡ್ ಅಳೆಯುವ ಎಲೆಕ್ಟ್ರೋಡ್ ಹೇಗೆ ಕೆಲಸ ಮಾಡುತ್ತದೆ ಅಂತ ನಿನ್ನ ಕೈಯಿಂದಲೇ ಮಾಡಿ ತಿಳಿದಿದ್ದರೆ, ವಿಶ್ವ ಆರೋಗ್ಯ ಸಂಸ್ಥೆ ಇರುವ ಜಿನೀವಾದಲ್ಲಿ ಕೂತರೂ ನಿನ್ನ ಮಾತಿಗೆ ತೂಕ ಇರುತ್ತದೆ. ಒಪ್ಪಂದ, ಇತಿಹಾಸ, ರಾಜಕೀಯ ಮನೆಯಲ್ಲಿ ಓದಿ ತಿಳಿಯಬಹುದು. ಲ್ಯಾಬು ಮನೆಯಲ್ಲಿ ಇರುವುದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ (ಐಐಎಸ್‌ಸಿ) ನಾಲ್ಕು ವರ್ಷದ ಬಿ.ಎಸ್ಸಿ. ರಿಸರ್ಚ್ ಇದೆ. ಅದರಲ್ಲಿ ವಿಜ್ಞಾನದ ಮಕ್ಕಳಿಗೂ ಮಾನವಿಕ ವಿಷಯಗಳ ಪಾಠ ಇಟ್ಟಿದ್ದಾರೆ. ಪ್ರವೇಶ ಕಷ್ಟ, ಆದರೂ ಅರ್ಜಿ ಹಾಕು. ಅದೇ ಆವರಣದಲ್ಲಿ ಜೆ.ಆರ್.ಡಿ. ಟಾಟಾ ಕಟ್ಟಿಸಿದ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆ ಇದೆ. ಅಣುಶಕ್ತಿ, ಬಾಹ್ಯಾಕಾಶ, ದೇಶದ ಭದ್ರತೆ ಇವನ್ನು ವಿಜ್ಞಾನದ ಕಡೆಯಿಂದ ನೋಡುವವರು ಅಲ್ಲಿದ್ದಾರೆ. ಕೆಜಿಎಫ್ ಪ್ರಯೋಗದ ಶ್ರೀಕಂಠನ್ ಅವರೂ ಕೊನೆಯ ವರ್ಷಗಳಲ್ಲಿ ಅಲ್ಲೇ ಇದ್ದರು.

ಚಿಂತಾಮಣಿಯವನು, ಈಗ ಸಿಡ್ನಿ:

ಮೇಷ್ಟ್ರ ಮಾತಿಗೆ ಒಂದು ತಕರಾರು ಇದೆ. ಪುಸ್ತಕ ಮನೆಯಲ್ಲಿ ಓದಬಹುದು, ಭಾಷೆ ಹಾಗಲ್ಲ. ಅದು ಚಿಕ್ಕ ವಯಸ್ಸಿನಲ್ಲೇ ಶುರುವಾಗಬೇಕು. ಎಂ.ಎಸ್ಸಿ. ಆದ ಮೇಲೆ ಕಲಿಯುತ್ತೇನೆ ಅಂದವರು ಕಲಿತದ್ದನ್ನು ನಾನು ಕಂಡಿಲ್ಲ. ನಿನಗೆ ಕನ್ನಡ, ತೆಲುಗು, ಇಂಗ್ಲಿಷ್ ಆಗಲೇ ಇರುತ್ತದೆ, ಮುಳಬಾಗಿಲಿನವರಿಗೆ ಇನ್ನೇನು ಹೇಳಲಿ. ನಾಲ್ಕನೆಯದು ಕಷ್ಟ ಆಗುವುದಿಲ್ಲ.

ಮುಳಬಾಗಿಲು ಮಗಳು:

ಅಣ್ಣ, ಯಾವ ಭಾಷೆ? ಜಪಾನಿ ಅಂದುಕೊಂಡಿದ್ದೆ. ಫ್ರೆಂಚ್ ಒಳ್ಳೆಯದು ಅನ್ನುತ್ತಾರೆ.

ಗೌರಿಬಿದನೂರು ಸಂಶೋಧಕಿ:

ಮುಂದೆ ವಿಶ್ವಸಂಸ್ಥೆಯ ಕಡೆ ನೋಡುತ್ತೀಯ ಅಂದರೆ ಫ್ರೆಂಚ್. ಅಲ್ಲಿ ದಿನನಿತ್ಯದ ಕೆಲಸ ನಡೆಯುವುದು ಇಂಗ್ಲಿಷ್ ಮತ್ತು ಫ್ರೆಂಚಿನಲ್ಲಿ. ಲ್ಯಾಬು, ಸಂಶೋಧನೆ ಅಂದರೆ ಜರ್ಮನ್ ಅಥವಾ ಜಪಾನಿ. ಜರ್ಮನಿಯ ಬಹಳಷ್ಟು ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕ ಇಲ್ಲ, ಆದರೆ ಬಾಡೆನ್-ವುರ್ಟೆಂಬರ್ಗ್ ರಾಜ್ಯ ನಮ್ಮಂಥವರಿಂದ ಸೆಮಿಸ್ಟರಿಗೆ 1,500 ಯೂರೋ ತೆಗೆದುಕೊಳ್ಳುತ್ತದೆ. ಖರ್ಚಿಗೆ ಅಂತ ವರ್ಷಕ್ಕೆ 11,904 ಯೂರೋ ಖಾತೆಯಲ್ಲಿ ಇಟ್ಟು ತೋರಿಸಬೇಕು. ಆಸ್ಟ್ರೇಲಿಯಾಗೆ ಹೋಲಿಸಿದರೆ ಎಂ.ಎಸ್ಸಿ.ಗೆ ಇದು ನಿಮ್ಮ ಮನೆಯ ಕೈಗೆ ಎಟುಕುವ ದಾರಿ. ಜಪಾನಿಗೆ ಅಲ್ಲಿನ ಸರ್ಕಾರವೇ ಕೊಡುವ ಮೆಕ್ಸ್ಟ್ ವಿದ್ಯಾರ್ಥಿವೇತನ ಇದೆ, ಡಿಗ್ರಿ ಹಂತಕ್ಕೂ ಕೊಡುತ್ತಾರೆ.

ಬಂಗಾರಪೇಟೆಯಿಂದ ಬೆಂಗಳೂರು ರೈಲು ಹತ್ತಿದರೆ ಕಂಟೋನ್ಮೆಂಟ್ ಸ್ಟೇಷನ್ನಿನಿಂದ ಅಲಿಯಾನ್ಸ್ ಫ್ರಾನ್ಸೇಸ್ ಹತ್ತಿರ. ಜರ್ಮನ್ ಕಲಿಸುವ ಮ್ಯಾಕ್ಸ್ ಮುಲ್ಲರ್ ಭವನ ಇಂದಿರಾನಗರದಲ್ಲಿದೆ. ಜಪಾನಿ ಭಾಷೆಯ ಜೆಎಲ್‌ಪಿಟಿ ಪರೀಕ್ಷೆ ಜುಲೈ ಮತ್ತು ಡಿಸೆಂಬರಿನಲ್ಲಿ ನಡೆಯುತ್ತದೆ, ಎನ್5 ಅನ್ನುವುದು ಮೊದಲ ಮೆಟ್ಟಿಲು, ಬೆಂಗಳೂರಿನಲ್ಲೂ ಬರೆಯಬಹುದು. ಪಿಯುಸಿ ಪರೀಕ್ಷೆ ಮುಗಿದು ರಿಸಲ್ಟ್ ಬರುವವರೆಗೆ ಸಿಗುವ ಬಿಡುವಿನಲ್ಲಿ ಶುರು ಮಾಡು.

ಮಾಲೂರು ಪ್ಯಾಸೆಂಜರ್:

ತಂಗಿ, ನಿನ್ನ ನೀರಿನ ಪ್ರಶ್ನೆ ಓದಿದ ಮೇಲೆ ನಾನು ಇದನ್ನು ಬೇರೆ ಥರ ನೋಡುತ್ತಿದ್ದೇನೆ. ಡಿಗ್ರಿ ಎಣಿಸುವವರಿಗೆ ಹೇಳುವ ಮಾತು ನಿನಗೆ ಹೊಂದುವುದಿಲ್ಲ. ಆದರೂ ಆಸ್ಟ್ರೇಲಿಯಾಗೆ ಸಾಲ ಮಾಡಿ ಹೋಗಬೇಡ ಅನ್ನುವುದರಲ್ಲಿ ನನ್ನ ಅಭಿಪ್ರಾಯ ಬದಲಾಗಿಲ್ಲ. ವಿದ್ಯಾರ್ಥಿವೇತನ ಸಿಕ್ಕರೆ ಮಾತ್ರ ಹೋಗು.

ಮುಳಬಾಗಿಲು ಅಮ್ಮ:

ಎಲ್ಲರಿಗೂ ಕೈ ಮುಗಿಯುತ್ತೇನೆ. ಅವಳ ಅಪ್ಪನಿಗೆ ಮಾವಿನದು, ರೇಷ್ಮೆಯದು ಓದಿ ಹೇಳಿದೆ. "ಹಾಗಾದರೆ ಓದಲಿ, ಕೆಮಿಸ್ಟ್ರಿ ಇಲ್ಲೇ ಮಾಡಲಿ, ಮುಂದಿನದಕ್ಕೆ ಹೊರಗೆ ಕಳಿಸೋಣ" ಅಂದರು. ಐಐಎಸ್‌ಸಿಗೂ ಅರ್ಜಿ ಹಾಕಿಸುತ್ತೇವೆ. ಇಲ್ಲೇ ಬಿ.ಎಸ್ಸಿ. ಆದರೆ ಜತೆಗೆ ಆ ದೂರಶಿಕ್ಷಣದ ಬಿ.ಎ. ಸೇರಿಸಬೇಕು. ಅದಕ್ಕೆ ಮೊದಲು ಏನು ಮಾಡಿಟ್ಟುಕೊಳ್ಳಬೇಕು ಅಂತ ಟೇಕಲ್ಲಿನ ತಮ್ಮ ಹೇಳಪ್ಪ.

ಟೇಕಲ್ ಹುಡುಗ:

ಅಮ್ಮಾ, ಮೊದಲು ಎಬಿಸಿ ಐಡಿ (ಓದಿನ ಕ್ರೆಡಿಟ್ಟುಗಳನ್ನು ಜಮಾ ಮಾಡುವ ಖಾತೆಯ ನಂಬರ್) ಮಾಡಿಸಿ, ಡಿಜಿಲಾಕರ್‌ನಲ್ಲಿ ಆಗುತ್ತದೆ. ಆಮೇಲೆ ಯುಜಿಸಿಯ ದೂರಶಿಕ್ಷಣ ವಿಭಾಗದ ವೆಬ್‌ಸೈಟಿನಲ್ಲಿ ಡಿಇಬಿ ಐಡಿ. 2024ರಿಂದ ಅದಿಲ್ಲದೆ ದೂರಶಿಕ್ಷಣಕ್ಕೆ ಸೇರಿಸಿಕೊಳ್ಳುವುದಿಲ್ಲ. ಆಧಾರ್ ಕಾರ್ಡಿನಲ್ಲಿ, ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡಿನಲ್ಲಿ ಹೆಸರು ಒಂದೇ ಥರ ಇರಬೇಕು. ಒಂದು ಇನಿಷಿಯಲ್ ಆಚೀಚೆ ಆದರೂ ಐಡಿ ಹೊಂದುವುದಿಲ್ಲ. ಇಗ್ನೋಗೆ ಜುಲೈ ಮತ್ತು ಜನವರಿ ಅಂತ ವರ್ಷಕ್ಕೆ ಎರಡು ಸಲ ಸೇರಬಹುದು. ಅವಳು ಜನವರಿಗೆ ಸೇರುವುದು ಒಳ್ಳೆಯದು ಅನ್ನಿಸುತ್ತದೆ. ಬಿ.ಎಸ್ಸಿ. ಮೊದಲ ಸೆಮಿಸ್ಟರ್ ಹೇಗಿರುತ್ತದೆ ಅಂತ ಅಷ್ಟರಲ್ಲಿ ಗೊತ್ತಾಗಿರುತ್ತದೆ. ನನ್ನ ಹಳೇ ನೋಟ್ಸ್ ಇದೆ, ಕೋಲಾರಕ್ಕೆ ದಿನಾ ಬರುತ್ತೇನೆ, ಬೇಕಾದಾಗ ತಂದುಕೊಡುತ್ತೇನೆ.